ಡಿಮೆನುಗೆ ನಿಮ್ಮದೇ ಮೆನು ಸೇರಿಸುವುದು ಹೇಗೆ

ಲಿನಕ್ಸ್‌ನ ಡಿಮೆನು, ಅಂದರೆ ಟೈಪ್ ಮಾಡಿ ಪಟ್ಟಿಯಿಂದ ಆರಿಸುವ ಪುಟ್ಟ ಮೆನು, ಬರೀ ಪ್ರೋಗ್ರಾಂ ತೆರೆಯಲು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ನಿಜಕ್ಕೂ ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಪೈಪ್ (ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ದಾಟಿಸುವ ದಾರಿ) ಮೂಲಕ ಬಂದ ಸಾಲುಗಳನ್ನು ತೋರಿಸುವುದು, ನೀವು ಆರಿಸಿದ್ದನ್ನು ಹೊರಗೆ ಕೊಡುವುದು. ಹಾಗಾಗಿ ಪ್ಲಗಿನ್ ಏನೂ ಬೇಡ, ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಸಾಕು.

ಟಿಪ್ಪಣಿ ತೆರೆಯುವ ಮೆನು ಮಾಡೋಣ. ನೋಟ್ಸ್ ಫೋಲ್ಡರ್‌ನ ಫೈಲ್ ಹೆಸರುಗಳನ್ನು ಫೈಲ್ ಪಟ್ಟಿ ಕೊಡುವ ಎಲ್‌ಎಸ್ (ls) ಕಮಾಂಡ್‌ನಿಂದ ಡಿಮೆನುಗೆ ಪೈಪ್ ಮಾಡಿ, ಡಿಮೆನು ಜೊತೆಗೆ ಮೈನಸ್ ಐ (-i) ಕೊಟ್ಟರೆ ದೊಡ್ಡಕ್ಷರ ಸಣ್ಣಕ್ಷರದ ತಂಟೆ ಇಲ್ಲ, ಮೈನಸ್ ಎಲ್ 10 (-l 10) ಕೊಟ್ಟರೆ ಒಂದರ ಕೆಳಗೊಂದು 10 ಸಾಲು ಕಾಣುತ್ತದೆ. ಬಂದ ಉತ್ತರವನ್ನು ವೇರಿಯಬಲ್‌ನಲ್ಲಿ ಇಟ್ಟುಕೊಂಡು ಎಡಿಟರ್‌ಗೆ ಕೊಡಿ. ಎಸ್ಕೇಪ್ ಒತ್ತಿದರೆ ಉತ್ತರ ಖಾಲಿ ಬರುತ್ತದೆ, ಆಗ ಸ್ಕ್ರಿಪ್ಟ್ ಸುಮ್ನೆ ಮುಗಿಯುವಂತೆ ಬರೆಯಿರಿ. ವೇರಿಯಬಲ್ ಸುತ್ತ ಡಬಲ್ ಕೋಟ್ ಮರೀಬೇಡಿ, ಇಲ್ಲದಿದ್ದರೆ ಹೆಸರಲ್ಲಿ ಸ್ಪೇಸ್ ಇರುವ ಫೈಲ್ ಕೈಕೊಡುತ್ತದೆ. ಪಟ್ಟಿಯಲ್ಲಿ ಇಲ್ಲದ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಅದೇ ಪಠ್ಯ ಹೊರಬರುತ್ತದೆ, ಅಂದರೆ ಹೊಸ ಟಿಪ್ಪಣಿಯೂ ಇಲ್ಲಿಂದಲೇ ಶುರು. ಟೈಪ್ ಮಾಡಿದ್ದು ಯಾವುದೋ ಹಳೇ ಹೆಸರಿಗೆ ಹೊಂದಿಕೊಂಡರೆ, ನೀವು ಟೈಪ್ ಮಾಡಿದ್ದೇ ಹೊರಬರಲು ಶಿಫ್ಟ್ ಎಂಟರ್ ಒತ್ತಿ.

ಸ್ಕ್ರಿಪ್ಟ್‌ಗೆ ಸಿಎಚ್‌ಮಾಡ್ (chmod) ಕಮಾಂಡ್‌ನಿಂದ ಓಡುವ ಅನುಮತಿ ಕೊಟ್ಟು ಪಾತ್‌ನಲ್ಲಿರುವ (PATH, ಸಿಸ್ಟಂ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಫೋಲ್ಡರ್‌ಗೆ ಹಾಕಿ. ಆಮೇಲೆ ಅದು ಪ್ರೋಗ್ರಾಂ ತೆರೆಯುವ ಡಿಮೆನು ರನ್ (dmenu_run) ಪಟ್ಟಿಯಲ್ಲೇ ಕಾಣುತ್ತದೆ, ಚೆನ್ನಾಗಿದೆ ಅಲ್ವಾ?

ಶಟ್‌ಡೌನ್ ಮೆನುವನ್ನೂ ಹೀಗೇ ಮಾಡಬಹುದು. ಆದರೆ ಮೊದಲ ಸಾಲು ‘ಬೇಡ’ ಅಂತ ಇರಲಿ. ನಾನು ‘ಆಫ್’ ಅಂತ ಇಟ್ಟು, ಅವಸರದಲ್ಲಿ ಎಂಟರ್ ಒತ್ತಿ, ಅರ್ಧ ಬರೆದ ಮೇಲ್ ಕಳೆದುಕೊಂಡಿದ್ದೇನೆ.