ಜೋಳದ ಡಬ್ಬಿಯ ಹಿಂದಿದ್ದ ರಿಮೋಟ್

ನನ್ನ ಮಗನಿಗೆ 9 ವರ್ಷ, ಶಾಲೆಗೆ ಹೋಗುವುದಿಲ್ಲ. ಬಾಗಲಕೋಟೆಯ ನವನಗರದಲ್ಲಿ ಇದನ್ನು ಹೇಳಿದರೆ ಸಾಕು, "ಹಾಗಾದರೆ ದಿನವಿಡೀ ಟಿ.ವಿ. ನೋಡುತ್ತಾನೇನು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿಯೇ ನಾನು ದಿನಕ್ಕೆ ಒಂದೇ ಗಂಟೆ ಎಂದು ಕಟ್ಟು ಹಾಕಿ, ರಿಮೋಟನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದೆ. ಆ ಗಂಟೆಯಲ್ಲಿ ಅವನು ಜಾಹೀರಾತನ್ನೂ ಬಿಡುತ್ತಿರಲಿಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಹೋಲ್ಟ್ 1977ರಲ್ಲಿ ಬಳಕೆಗೆ ತಂದ 'ಅನ್‌ಸ್ಕೂಲಿಂಗ್' ಎಂಬ, ಮಗು ತನ್ನ ಕುತೂಹಲದಂತೆ ತಾನೇ ಕಲಿಯುವ ಪದ್ಧತಿಯನ್ನು ಮೆಚ್ಚಿ ಮಗನನ್ನು ಶಾಲೆ ಬಿಡಿಸಿದವಳು ನಾನೇ. ಮನೆಯಲ್ಲಿ ಗಂಟೆ ಬಾರಿಸುತ್ತಿದ್ದವಳೂ ನಾನೇ. ಅತ್ತೆಯವರ ಧಾರಾವಾಹಿಗಾಗಲಿ ನನ್ನ ಮೊಬೈಲಿಗಾಗಲಿ ಯಾರೂ ಲೆಕ್ಕ ಇಟ್ಟಿರಲಿಲ್ಲ, ಅದು ಬೇರೆ ಮಾತು.

ಕಟ್ಟು ತೆಗೆದ ಮೊದಲ ಮೂರು ವಾರ ನಾನೇ ಕಂಗಾಲಾದೆ. ಬೆಳಗಿನ ರೊಟ್ಟಿಯೂ ರಾತ್ರಿಯ ಊಟವೂ ಟಿ.ವಿ. ಮುಂದೆಯೇ. ಎರಡು ಸಲ ರಿಮೋಟ್ ಕಸಿಯಲು ಕೈ ಚಾಚಿ ಹಿಂದೆ ಸರಿದೆ. ಕೊನೆಗೆ ಶೇಂಗಾ ಸುಲಿಯುವ ಬುಟ್ಟಿ ಹಿಡಿದು ಅವನ ಪಕ್ಕದಲ್ಲಿ ಕುಳಿತೆ.

ಆಗ ಜುಲೈ. ಸುದ್ದಿಯಲ್ಲಿ ಆಲಮಟ್ಟಿಯ ಕ್ರಸ್ಟ್ ಗೇಟುಗಳನ್ನು ತೆರೆದದ್ದು ಬಂತು. ಅವನು ಎದ್ದು ಪರದೆಯ ಮೇಲೆ ಬೆರಳಿಟ್ಟು ಎಣಿಸಿದ. "ಎಲ್ಲ ಕಾಣಿಸಲಿಲ್ಲ. ಒಟ್ಟು ಎಷ್ಟಮ್ಮಾ?" ಇಪ್ಪತ್ತಾರು. "ಕ್ಯೂಸೆಕ್ ಎಂದರೆ?" ನನಗೆ ಗೊತ್ತಿರಲಿಲ್ಲ. ಹುಡುಕಿದೆವು: ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. ಬಚ್ಚಲಿನಲ್ಲಿ ಲೀಟರ್ ಬಾಟಲಿಯಿಂದ ಸುರಿದು ನೋಡಿದಾಗ ನಮ್ಮ ಎರಡು ಕೊಡಕ್ಕೆ ಸಮವಾಯಿತು. "ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಎರಡು ಲಕ್ಷ ಕೊಡ!" ಎಂದು ಒದ್ದೆ ಅಂಗಿಯಲ್ಲೇ ಓಣಿಗೆ ಓಡಿದ.

ಅಂದಿನಿಂದ ಪತ್ರಿಕೆಯಲ್ಲಿ ಅವನಿಗೆ ಬೇಕಾದದ್ದು ಜಲಾಶಯಗಳ ಪಟ್ಟಿ ಮಾತ್ರ. ಓದಲು ಬೇಸರಪಡುತ್ತಿದ್ದವನು ಒಳಹರಿವು, ಹೊರಹರಿವು ಎಂಬ ಪದಗಳನ್ನು ಅದರಲ್ಲೇ ಬಿಡಿಸಿ ಓದಿದ. ದಶಮಾಂಶವೂ ಅಲ್ಲಿಯೇ ಬಂತು, ಆಲಮಟ್ಟಿಯ ಗರಿಷ್ಠ ಮಟ್ಟ 519.60 ಮೀಟರ್ ತಾನೆ. ದಿನಕ್ಕೆ 86,400 ಸೆಕೆಂಡು ಎಂದು ಅವರಪ್ಪ ಹೇಳಿಕೊಟ್ಟ ಮೇಲೆ, ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿ.ಎಂ.ಸಿ. (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ) ಆಗುತ್ತದೆ ಎಂದು ಗೋಡೆಯ ಮೇಲೆ ಲೆಕ್ಕ ಹಾಕಿದ. ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ್ದೆವು, ನುಂಗಿಕೊಂಡೆ.

ಮುಂದಿನ ಪರೀಕ್ಷೆಯ ಚಿಂತೆ ನನಗಿಲ್ಲ. 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಹತ್ತನೆಯ ತರಗತಿ ಬರೆಯಬಹುದು.

ಅಣೆಕಟ್ಟು ನೋಡಲು ಹೋದಾಗ ಅತ್ತೆಯವರೂ ಬಂದರು. ಅವರ ಹಳೆಯ ಮನೆ ಬಾಗಲಕೋಟೆಯಲ್ಲಿ ಇದೇ ಹಿನ್ನೀರಿಗೆ ಹೋಗಿದೆ. ಗೇಟುಗಳ ಕಡೆ ಅವರು ತಲೆ ಎತ್ತಲೇ ಇಲ್ಲ. ಬೇಸಿಗೆಯಲ್ಲಿ ಮಟ್ಟ ಇಳಿಯತೊಡಗಿದಾಗ ಮಗ ಪ್ರತಿದಿನ ಪತ್ರಿಕೆ ಹಿಡಿದು ಅವರ ಮಂಚದ ಬಳಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅವರು ಧಾರಾವಾಹಿಯ ದನಿ ತಗ್ಗಿಸಿ, "ಇನ್ನೆಷ್ಟು ಇಳಿದರೆ ನಮ್ಮ ಓಣಿ ಕಾಣುತ್ತದೋ?" ಎಂದು ಕೇಳಿದರು. ಅವನು ಪೆನ್ಸಿಲ್ ಹುಡುಕಲು ಎದ್ದ.