ಮ್ಯಾಪ್ ಮೊದಲು, ಸಮ್ಮರಿ ಆಮೇಲೆ: ನಾಲ್ಕು ಸಾವಿರ ಪುಟ ಪಳಗಿಸಿದ ನನ್ನ ಅನುಭವ

ಫೈಲ್‌ಗಳನ್ನು ಸಮ್ಮರಿ ಟೂಲ್‌ಗೆ ತುಂಬಿಸು, ಬಂದ ಸಾರಾಂಶದಿಂದ ಮೈಂಡ್ ಮ್ಯಾಪ್ ಮಾಡು, ಅಂದರೆ ವಿಷಯವನ್ನು ಕೊಂಬೆ ಕೊಂಬೆಯಾಗಿ ಬಿಡಿಸಿದ ಮರದಂಥ ಚಿತ್ರ. ಎಲ್ಲರೂ ಹೇಳಿಕೊಡುವ ಕ್ರಮ ಇದು. ನಾನು ಉಲ್ಟಾ ಮಾಡಿದೆ. ಮೊದಲು ಕೈಯಲ್ಲೇ ಮ್ಯಾಪ್, ಆಮೇಲೆ ಸಮ್ಮರಿ. ಇದೇ ಕಸುಬಿನ ಗೆಳೆಯರು ನಕ್ಕರು. "ಒಂದೇ ಕೆಲಸ ಎರಡು ಸಲ ಯಾಕಪ್ಪಾ ಮಾಡ್ತೀಯ, ಬಟನ್ ಒತ್ತಿದರೆ ಮ್ಯಾಪ್ ಬರುತ್ತಲ್ಲ" ಅಂದರು. ಈಗ ಅವರಲ್ಲೇ ಇಬ್ಬರು ನನ್ನ ಟೆಂಪ್ಲೇಟ್ ಕೇಳಿ ಇಸ್ಕೊಂಡು ಹೋಗಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಮಾಡುವುದು ಹಿನ್ನೆಲೆ ವರದಿಗಳನ್ನು. ಗಿರಾಕಿ ಒಂದು ವಿಷಯ ಕೊಡುತ್ತಾರೆ, ಜೊತೆಗೆ ಒಂದು ರಾಶಿ ದಾಖಲೆ ಕೊಡುತ್ತಾರೆ. ಅದರಿಂದ ಮೂವತ್ತು ನಲವತ್ತು ಪುಟದ ವರದಿ ಮಾಡಿಕೊಡಬೇಕು. ಈ ಸಲದ ವಿಷಯ ಲಿಥಿಯಂ ಬ್ಯಾಟರಿ ಮರುಬಳಕೆ. ಸುಮಾರು ಮುನ್ನೂರು ಪಿಡಿಎಫ್, ಒಟ್ಟು ನಾಲ್ಕು ಸಾವಿರ ಪುಟದ ಆಸುಪಾಸು. ಪ್ರಬಂಧಗಳು, ಕಂಪನಿ ವರದಿಗಳು, ಕಾನೂನಿನ ಪಠ್ಯ, ಸಂದರ್ಶನಗಳ ಟ್ರಾನ್ಸ್‌ಕ್ರಿಪ್ಟ್, ಎಲ್ಲಾ ಕಲಸುಮೇಲೋಗರ. ಫೀಸು ಮಾತ್ರ ಒಂದೇ ಮೊತ್ತ. ಎಷ್ಟು ಗಂಟೆ ಹಿಡಿಯುತ್ತೋ ಅಷ್ಟೂ ನನ್ನ ತಲೆ ಮೇಲೆ.

ಹಾಗಾಗಿ ಮೊದಲು ನಾನೂ ಬಟನ್ ಒತ್ತುವ ದಾರಿಯನ್ನೇ ಹಿಡಿದೆ. ಮೂರು ಟೂಲ್‌ಗಳಿಗೆ ಒಟ್ಟಿಗೆ ಚಂದಾ ಕಟ್ಟಿದೆ. ಒಂದು ಸಮ್ಮರಿಗೆ, ಒಂದು ಮ್ಯಾಪ್‌ಗೆ, ಇನ್ನೊಂದು ಎರಡೂ ಮಾಡುತ್ತೇನೆ ಅನ್ನುವಂಥದ್ದು. ಮ್ಯಾಪ್ ಬಂತು, ನೋಡಲು ಬಲು ಚೆಂದ. ಕೊಂಬೆಗಳ ಹೆಸರು ನೋಡಿ: ಪೀಠಿಕೆ, ತಂತ್ರಜ್ಞಾನ, ಸವಾಲುಗಳು, ಅವಕಾಶಗಳು, ಭವಿಷ್ಯ. ಬ್ಯಾಟರಿ ತೆಗೆದು ಜೇನುಸಾಕಣೆ ಅಂತ ಹಾಕಿದರೂ ಇದೇ ಐದು ಕೊಂಬೆ ಬರುತ್ತವೆ. ಅನುಮಾನ ಇದ್ದರೆ ನಿಮ್ಮ ಹತ್ತಿರ ಇರುವ ಯಾವುದಾದರೂ ಎರಡು ಬೇರೆ ಬೇರೆ ವಿಷಯದ ಫೈಲ್ ಹಾಕಿ ನೋಡಿ.

ಅದು ಬರೀ ಅಂದದ ದೋಷ. ನಿಜವಾದ ಪೆಟ್ಟು ಬಿದ್ದದ್ದು ಅಂಕಿಗಳ ಮೇಲೆ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮದಲ್ಲಿ ಹಳೆಯ ಬ್ಯಾಟರಿಯಿಂದ ಎಷ್ಟು ಲಿಥಿಯಂ ವಾಪಸ್ ಪಡೆಯಬೇಕು ಅಂತ ಗುರಿ ಇದೆ. 2027ರ ಕೊನೆಗೆ ಶೇ 50, 2031ರ ಕೊನೆಗೆ ಶೇ 80. ನನ್ನ ಮ್ಯಾಪ್‌ನಲ್ಲಿ ಬಂದು ಕೂತಿದ್ದು "ಯುರೋಪಿನಲ್ಲಿ ಶೇ 80 ಲಿಥಿಯಂ ವಾಪಸ್ ಪಡೆಯಲಾಗುತ್ತಿದೆ" ಅನ್ನುವ ನೋಡ್, ಅಂದರೆ ಕೊಂಬೆಯ ತುದಿಯ ಒಂದು ಬರಹ. ಗುರಿ ಅನ್ನುವ ಮಾತು ಹೋಗಿದೆ, ಇಸವಿ ಹೋಗಿದೆ, 50 ಕೂಡ ಹೋಗಿದೆ. ಅದರ ಪಕ್ಕದ ಕೊಂಬೆಯಲ್ಲಿ, ಕುಲುಮೆಯಲ್ಲಿ ಕರಗಿಸುವ ವಿಧಾನದಲ್ಲಿ ಲಿಥಿಯಂ ಹೆಚ್ಚಾಗಿ ಕಿಟ್ಟಕ್ಕೆ ಹೋಗಿಬಿಡುತ್ತದೆ ಅಂತ ಬೇರೆ ಪ್ರಬಂಧದಿಂದ ಬಂದ ನೋಡ್. ಎರಡೂ ಅಕ್ಕಪಕ್ಕ ಕೂತು ಜಗಳ ಆಡುತ್ತಿವೆ. ಯಾವುದು ಎಲ್ಲಿಂದ ಬಂತು ಅಂತ ಹುಡುಕಲು ಪುಟದ ನಂಬರ್ ಇಲ್ಲ.

ಹೀಗೆ ಮೂರು ವಾರದಷ್ಟು ಕಾಲ ಹೋಯಿತು. ಫೀಸಿನ ಐದನೇ ಒಂದು ಭಾಗ ಚಂದಾ ಮತ್ತು ಎಐ ಬಳಸಿದಷ್ಟಕ್ಕೂ ಕಟ್ಟುವ ಎಪಿಐ ಬಿಲ್ಲಿಗೇ ಕರಗಿತು. ಬಿಲ್ಲು ಜಾಸ್ತಿ ಆಗಿದ್ದಕ್ಕೆ ಕಾರಣ ದೊಡ್ಡ ದಾಖಲೆಗಳಲ್ಲ. ಪ್ರತಿ ಸಲ ಪ್ರಶ್ನೆ ಬದಲಾಯಿಸಿದಾಗ ಇಡೀ ರಾಶಿಯನ್ನು ಮತ್ತೆ ಓದಿಸುತ್ತಿದ್ದದ್ದು. ಎಐ ಪಠ್ಯವನ್ನು ಟೋಕನ್ ಅನ್ನುವ ಸಣ್ಣ ತುಣುಕುಗಳಾಗಿ ಎಣಿಸಿ ದುಡ್ಡು ಹಾಕುತ್ತದೆ. ಉತ್ತರದ ಟೋಕನ್‌ಗೆ ಸಾಮಾನ್ಯವಾಗಿ ದರ ಇನ್ನೂ ಜಾಸ್ತಿ, ನನಗೆ ಬರುತ್ತಿದ್ದ ಉತ್ತರಗಳೋ ಮಾರುದ್ದ.

ಆಮೇಲೆ ಎರಡು ಚಂದಾ ನಿಲ್ಲಿಸಿದೆ. ಫ್ರೀಪ್ಲೇನ್ ಇಳಿಸಿಕೊಂಡೆ. ಫ್ರೀಮೈಂಡ್‌ನಿಂದ ಕವಲೊಡೆದ ಉಚಿತ ಮೈಂಡ್ ಮ್ಯಾಪ್ ಸಾಫ್ಟ್‌ವೇರ್, ನೋಡಲು ಹಳೇ ಕಾಲದ್ದು. ಆದರೆ ಅದರ ಫೈಲ್ ಬರೀ ಎಕ್ಸ್‌ಎಂಎಲ್, ಅಂದರೆ ಗುರುತುಗಳಿಂದ ಜೋಡಿಸಿದ ಸಾದಾ ಪಠ್ಯ. ಸ್ಕ್ರಿಪ್ಟ್‌ನಿಂದ, ಅಂದರೆ ಪುಟ್ಟ ಪ್ರೋಗ್ರಾಂನಿಂದ, ಬರೆಯಬಹುದು, ಓದಬಹುದು, ಫೈಲಿನ ಹಳೆಯ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಲ್ಲಿ ಇಟ್ಟರೆ ನಿನ್ನೆಗೂ ಇವತ್ತಿಗೂ ಏನು ಬದಲಾಯಿತು ಅಂತ ಸಾಲು ಸಾಲಾಗಿ ಕಾಣುತ್ತದೆ. ಸಾಲುಗಳನ್ನು ಒಳಗೆ ಸರಿಸಿ ಬರೆದ ಪಠ್ಯವನ್ನು ಅದರೊಳಗೆ ಪೇಸ್ಟ್ ಮಾಡಿದರೆ ಹಾಗೇ ಮರವಾಗಿ ನಿಲ್ಲುತ್ತದೆ. ಈ ಒಂದು ಗುಣವೇ ನನಗೆ ಸಾಕಿತ್ತು.

ಈಗ ವಿಧಾನಕ್ಕೆ ಬರುತ್ತೇನೆ.

ಮೊದಲ ಎರಡು ದಿನ ಯಾವ ಎಐ ಕೂಡ ಇಲ್ಲ. ರಾಶಿಯಿಂದ ಹತ್ತು ಹನ್ನೆರಡು ದಾಖಲೆ ಎತ್ತಿಕೊಂಡು ನಾನೇ ಕಣ್ಣಾಡಿಸಿದೆ. ಖಾಲಿ ಮ್ಯಾಪ್‌ನಲ್ಲಿ ಕೊಂಬೆಗಳನ್ನು ಹಾಕಿದೆ. ಕೊಂಬೆಯ ಹೆಸರು ವಿಷಯ ಆಗಿರಬಾರದು, ಪ್ರಶ್ನೆ ಆಗಿರಬೇಕು. "ಲಿಥಿಯಂ" ಅಂತ ಕೊಂಬೆ ಇಟ್ಟರೆ ಅದರಡಿ ಪ್ರಪಂಚವೇ ಬಂದು ಬೀಳುತ್ತದೆ. "ಲಿಥಿಯಂ ಎಷ್ಟು ವಾಪಸ್ ಸಿಗುತ್ತದೆ, ಯಾವ ಷರತ್ತಿನಲ್ಲಿ?" ಅಂತ ಇಟ್ಟರೆ ಬಾಗಿಲು ಕಿರಿದಾಗುತ್ತದೆ. ಹೀಗೆ ಎಂಟು ಪ್ರಶ್ನೆ, ಒಂದೊಂದಕ್ಕೆ ಮೂರು ನಾಲ್ಕು ಉಪಪ್ರಶ್ನೆ. ಗಿರಾಕಿಗೆ ಇದನ್ನೇ ಕಳಿಸಿ, ನಿಮಗೆ ಬೇಕಾದ್ದು ಇವೇ ಪ್ರಶ್ನೆಗಳಾ ಅಂತ ಕೇಳಿದೆ. ಅವರು ಒಂದನ್ನು ಕಿತ್ತುಹಾಕಿದರು, ಎರಡು ಸೇರಿಸಿದರು. ಆ ಒಂದು ಮೇಲ್‌ನಿಂದ ಉಳಿತಾಯವಾದ ಕೆಲಸ ಎಷ್ಟು ಅಂತ ನಾನು ಲೆಕ್ಕ ಹಾಕಿಲ್ಲ, ಕಡಿಮೆ ಅಂತೂ ಅಲ್ಲ.

ಆಮೇಲೆ ದಾಖಲೆಗಳನ್ನು ತುಂಡು ಮಾಡಿದೆ. ಮೊದಲು ಎರಡು ಸಾವಿರ ಪದಕ್ಕೊಂದು ತುಂಡು ಅಂತ ಕತ್ತರಿಸುತ್ತಿದ್ದೆ. ಅದರಲ್ಲಿ ಕೋಷ್ಟಕಗಳು ನಡುವೆ ತುಂಡಾಗುತ್ತವೆ. ತಲೆಸಾಲು ಒಂದು ಕಡೆ, ಅಂಕಿ ಇನ್ನೊಂದು ಕಡೆ. ಶೇ 80ರ ತಲೆಯಲ್ಲಿದ್ದ 2031 ಕಳೆದುಹೋಗಿದ್ದು ಹೀಗೇ. ಈಗ ಶೀರ್ಷಿಕೆ ಬಂದಲ್ಲಿ ಮಾತ್ರ ಕತ್ತರಿಸುತ್ತೇನೆ, ಕೋಷ್ಟಕವನ್ನು ಮುಟ್ಟುವುದಿಲ್ಲ. ತುಂಡು ದೊಡ್ಡದಾದರೆ ಆಗಲಿ. ಪ್ರತಿ ತುಂಡಿನ ತಲೆಗೆ ದಾಖಲೆಯ ಹೆಸರು, ಇಸವಿ, ಪುಟ.

ಪ್ರತಿ ತುಂಡಿಗೂ ನಾನು "ಸಾರಾಂಶ ಕೊಡು" ಅಂತ ಕೇಳುವುದೇ ಇಲ್ಲ. ಪ್ರಶ್ನೆಗಳ ಪಟ್ಟಿ ಕೊಟ್ಟು, ಇವುಗಳಲ್ಲಿ ಯಾವುದಕ್ಕೆ ಈ ತುಂಡಿನಲ್ಲಿ ಉತ್ತರ ಇದೆ ಅಂತ ಕೇಳುತ್ತೇನೆ. ಇದ್ದರೆ ಒಂದೇ ವಾಕ್ಯ, ಪುಟದ ನಂಬರ್, ಮತ್ತು ಮೂಲದಿಂದ ಎಂಟು ಹತ್ತು ಪದ ಇದ್ದದ್ದು ಇದ್ದ ಹಾಗೆ. ಇಲ್ಲದಿದ್ದರೆ "ಇಲ್ಲ" ಅಂತ ಒಂದೇ ಪದ. ಅರ್ಧಕ್ಕಿಂತ ಜಾಸ್ತಿ ತುಂಡುಗಳಿಗೆ "ಇಲ್ಲ" ಅಂತಲೇ ಬಂತು. ಶೇ 60 ಇರಬಹುದು. ಗೆಳೆಯನೊಬ್ಬ ಇದನ್ನು ನೋಡಿ "ದುಡ್ಡು ಕೊಟ್ಟು ಇಲ್ಲ ಅನ್ನಿಸಿಕೊಳ್ತೀಯಲ್ಲ" ಅಂದ. ಹೌದು, ಅದಕ್ಕೇ ದುಡ್ಡು ಕೊಡುವುದು. ಆ ಶೇ 60ನ್ನು ನಾನು ಓದಬೇಕಾಗಿಲ್ಲವಲ್ಲ! ಉತ್ತರಗಳು ಚಿಕ್ಕದಾದ್ದರಿಂದ ಬಿಲ್ಲು ಮೊದಲಿನದರ ನಾಲ್ಕನೇ ಒಂದು ಭಾಗಕ್ಕೆ ಇಳಿಯಿತು.

ಯಾವ ಪ್ರಶ್ನೆಗೂ ಸೇರದ, ಆದರೆ ಬಿಡಲು ಮನಸ್ಸು ಬಾರದ ಸಂಗತಿಗಳಿಗೆ "ಪಾರ್ಕಿಂಗ್" ಅಂತ ಒಂದು ಕೊಂಬೆ. ಅದರಲ್ಲಿ ಇಪ್ಪತ್ತು ನೋಡ್ ದಾಟಿದರೆ ಹೊಸ ಪ್ರಶ್ನೆ ಹುಟ್ಟುತ್ತಿದೆ ಅಂತ ಅರ್ಥ. ಈ ಸಲ ಹಾಗೆ ಹುಟ್ಟಿದ್ದು ಸಾಗಾಟದ ಪ್ರಶ್ನೆ. ಹಳೆಯ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುವ ಭಯ ಇರುತ್ತದೆ, ಅದನ್ನು ಸಾಗಿಸುವ ಖರ್ಚೇ ಎಷ್ಟೋ ಲೆಕ್ಕಗಳನ್ನು ಬುಡಮೇಲು ಮಾಡುತ್ತದೆ. ಅದು ನನಗೂ ಹೊಳೆದಿರಲಿಲ್ಲ, ಗಿರಾಕಿಗೂ ಹೊಳೆದಿರಲಿಲ್ಲ.

ಪರಿಶೀಲನೆಗೆ ಒಂದು ಸಣ್ಣ ಸ್ಕ್ರಿಪ್ಟ್ ಇದೆ. ಎತ್ತಿಕೊಟ್ಟ ಆ ಎಂಟು ಹತ್ತು ಪದ ಹೇಳಿದ ಪುಟದಲ್ಲಿ ನಿಜವಾಗಿಯೂ ಇದೆಯಾ ನೋಡುತ್ತದೆ. ವಾಕ್ಯದಲ್ಲಿರುವ ಪ್ರತಿ ಅಂಕಿಯೂ ಮೂಲದ ತುಂಡಿನಲ್ಲಿ ಇದೆಯಾ ನೋಡುತ್ತದೆ. ಇಲ್ಲ ಅಂದರೆ ನೋಡ್ ಕೆಂಪಾಗುತ್ತದೆ. ನೆನಪಿನ ಪ್ರಕಾರ ಹನ್ನೆರಡರಲ್ಲಿ ಒಂದು ಕೆಂಪು. ಅದರಲ್ಲಿ ಅರ್ಧ, ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಓದುವ ಓಸಿಆರ್ ಕಿತಾಪತಿ. ಎರಡು ಕಾಲಮ್ಮಿನ ಪುಟವನ್ನು ಎಡದಿಂದ ಬಲಕ್ಕೆ ಒಂದೇ ಸಾಲು ಅಂತ ಓದಿಬಿಡುವುದು ಮಾಮೂಲಿ. ಇನ್ನರ್ಧ ಎಐ ಮಾಡೆಲ್ ಸ್ವಂತವಾಗಿ ಕಟ್ಟಿದ್ದು. ಕೆಂಪು ನೋಡ್‌ಗಳನ್ನು ಮಾತ್ರ ನಾನು ಕೂತು ಮೂಲ ತೆರೆದು ಓದಿದೆ. ಪಿಡಿಎಫ್ ಕೊಂಡಿಯ ಕೊನೆಗೆ ಪುಟದ ನಂಬರ್ ಜೋಡಿಸಿದರೆ ಬ್ರೌಸರ್‌ನಲ್ಲಿ ನೇರ ಆ ಪುಟವೇ ತೆರೆಯುತ್ತದೆ ಅಲ್ವಾ, ಅದನ್ನೇ ಪ್ರತಿ ನೋಡ್‌ಗೂ ಸ್ಕ್ರಿಪ್ಟ್‌ನಿಂದ ಹಾಕಿಸಿದ್ದೆ.

ನನಗೆ ಸ್ವಲ್ಪ ಜಂಬ ಇರುವುದು ಮುಂದಿನ ಭಾಗದ ಬಗ್ಗೆ. ಫ್ರೀಪ್ಲೇನ್‌ನಲ್ಲಿ ನೋಡ್‌ಗೆ ಗುಣಲಕ್ಷಣ ಅಂಟಿಸಬಹುದು, ಅದರ ಮೇಲೆ ಫಿಲ್ಟರ್ ಮಾಡಬಹುದು. ಇಸವಿ, ಮೂಲ, ಪುಟ ಎಲ್ಲರೂ ಹಾಕುತ್ತಾರೆ. ನಾನು ನಾಲ್ಕನೆಯದೊಂದು ಹಾಕಿದೆ: ಈ ಮಾತು ಅಳೆದದ್ದಾ, ಹೇಳಿಕೊಂಡದ್ದಾ, ಗುರಿಯಾ? ಪ್ರಯೋಗಾಲಯದಲ್ಲಿ ಅಳೆದರೆ ಅದಕ್ಕೆ ಬೇರೆ ಗುರುತು. ಒಂದು ಕೊಂಬೆಯಲ್ಲಿ ನೂರಕ್ಕೂ ಮೇಲೆ ನೋಡ್ ಇತ್ತು, ಎಲ್ಲದರಲ್ಲೂ ಶೇ 90, ಶೇ 95 ಅಂತ ಭರ್ಜರಿ ಅಂಕಿಗಳು. "ಕಾರ್ಖಾನೆಯಲ್ಲಿ ಅಳೆದದ್ದು" ಅಂತ ಫಿಲ್ಟರ್ ಹಾಕಿದೆ. ಹದಿನೈದೋ ಹದಿನಾರೋ ಉಳಿದವು. ಗಿರಾಕಿಗೆ ಪರದೆ ಹಂಚಿಕೊಂಡು ಇದನ್ನು ತೋರಿಸಿದಾಗ ಅವರು ಮಾತೇ ಆಡಲಿಲ್ಲ. ಮರುದಿನ ಎರಡನೇ ಭಾಗದ ಕೆಲಸವೂ ಬಂತು, ಫೀಸು ಒಂದೂವರೆ ಪಟ್ಟು. ಮೊದಲು ಕರಗಿದ್ದ ದುಡ್ಡು ಅಲ್ಲಿಗೆ ವಸೂಲಾಯಿತು.

ಆ ಗುರುತುಗಳನ್ನು ಮಾಡೆಲ್ ಬಾಯಿಂದ ಸರಿಯಾಗಿ ಹೇಳಿಸುವ ಪ್ರಾಂಪ್ಟ್, ಅಂದರೆ ಎಐಗೆ ಕೊಡುವ ಸೂಚನೆ, ಇಲ್ಲಿ ಕೊಡುವುದಿಲ್ಲ. ದಾಖಲೆಗಳನ್ನು ಯಾವ ಕ್ರಮದಲ್ಲಿ ಕೊಡುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಹೊಟ್ಟೆಪಾಡು, ಬೇಜಾರು ಮಾಡ್ಕೋಬೇಡಿ. ಇಷ್ಟು ಸುಳಿವು ಕೊಡಬಲ್ಲೆ: ಇಸವಿಯ ಕ್ರಮ ಅಲ್ಲ.

ನಡುವೆ ಒಂದು ಅಡ್ಡದಾರಿ ಹಿಡಿದಿದ್ದೆ. ಎಐ ಬಿಲ್ಲು ಪೂರ್ತಿ ಉಳಿಸಬಹುದಾ ಅಂತ ಹಳೇ ಶೈಲಿಯ ಸಮ್ಮರಿ ಪ್ರಯತ್ನಿಸಿದೆ. 1958ರಲ್ಲಿ ಐಬಿಎಂನ ಲೂನ್ ಅನ್ನುವ ಸಂಶೋಧಕ ಮಾಡಿದ್ದೇ ಆ ಕೆಲಸ. ಮತ್ತೆ ಮತ್ತೆ ಬರುವ ಪದಗಳನ್ನು ಎಣಿಸು, ಅವು ಒತ್ತಾಗಿರುವ ವಾಕ್ಯಗಳನ್ನು ಎತ್ತಿ ಕೊಡು. 2004ರಲ್ಲಿ ಬಂದ ಟೆಕ್ಸ್ಟ್‌ರ‍್ಯಾಂಕ್ ಅನ್ನುವ ವಿಧಾನವೂ ವಾಕ್ಯ ಎತ್ತಿಕೊಡುವುದೇ, ಲೆಕ್ಕ ಮಾತ್ರ ಬೇರೆ. ಇಂಗ್ಲಿಷ್ ದಾಖಲೆಗಳಲ್ಲಿ ಪರವಾಗಿಲ್ಲ ಅನ್ನಿಸಿತು. ಇದ್ದ ವಾಕ್ಯವನ್ನೇ ಎತ್ತುವುದರಿಂದ ಸುಳ್ಳು ಕಟ್ಟುವ ಮಾತೇ ಇಲ್ಲ.

ನನ್ನ ಕನ್ನಡ ಟಿಪ್ಪಣಿಗಳ ಮೇಲೆ ಓಡಿಸಿದೆ ನೋಡಿ, ಮಜಾ ಬಂತು. ಬ್ಯಾಟರಿ, ಬ್ಯಾಟರಿಯ, ಬ್ಯಾಟರಿಯಲ್ಲಿ, ಬ್ಯಾಟರಿಗಳಿಂದ, ಅದಕ್ಕೆ ಎಲ್ಲಾ ಬೇರೆ ಬೇರೆ ಪದ. ಮುಖ್ಯ ಪದ ಅಂತ ಅದು ಗುರುತಿಸಿದ್ದು "ಮತ್ತು", "ಆದರೆ". ಸರಿ, ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಮಾತ್ರ ಎಣಿಸು ಅಂದೆ. ಕಂಪ್ಯೂಟರ್ ಲೆಕ್ಕದಲ್ಲಿ ಗುಣಿತದ ಚಿಹ್ನೆಯೂ ಒಂದು ಅಕ್ಷರ, ಒತ್ತಿನ ಚಿಹ್ನೆಯೂ ಒಂದು ಅಕ್ಷರ. ನಾಲ್ಕು ಎಣಿಸುವಷ್ಟರಲ್ಲಿ "ಬ್ಯಾ"ಗೆ ನಿಂತುಬಿಟ್ಟಿತು. ಬ್ಯಾಂಕೂ ಬ್ಯಾಟರಿಯೂ ಒಂದೇ ಆದವು. ಕೊನೆಗೆ ನಾವು ಉಚ್ಚರಿಸುವ ಅಕ್ಷರದ ಲೆಕ್ಕದಲ್ಲಿ ಮೂರು ತೆಗೆದುಕೊಂಡಾಗ ದಾರಿಗೆ ಬಂತು. "ಮತ್ತು" ತರಹದ ಐವತ್ತು ಅರವತ್ತು ಪದಗಳನ್ನು ಕೈಯಲ್ಲೇ ಪಟ್ಟಿ ಮಾಡಿ ಹೊರಗಿಟ್ಟೆ. ಈಗ ನನ್ನ ದಿನದ ಟಿಪ್ಪಣಿಗಳಿಗೆ ಇದನ್ನೇ ಬಳಸುತ್ತೇನೆ, ಪುಕ್ಕಟೆ. ಕನ್ನಡ ಪಠ್ಯವನ್ನು ಎಐಗೆ ಕೊಟ್ಟರೆ ಟೋಕನ್ ಸುಮ್ನೆ ಸುರಿದು ಹೋಗುತ್ತದೆ. ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. "ಬ್ಯಾಟರಿ" ಅನ್ನುವ ಪದಕ್ಕೆ 21 ಬೈಟ್, ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 7. ಎಲ್ಲಾ ಮಾಡೆಲ್‌ಗಳೂ ಒಂದೇ ಥರ ಲೆಕ್ಕ ಹಾಕುವುದಿಲ್ಲ, ಆದರೂ ನನ್ನ ಬಿಲ್ಲಿನಲ್ಲಿ ಕನ್ನಡಕ್ಕೆ ಎರಡು ಮೂರು ಪಟ್ಟು ಆಗಿದ್ದು ನಿಜ.

ಮ್ಯಾಪ್ ಅಂದರೆ ಮರ, ಮರದ ತೊಂದರೆ ನಿಮಗೆ ಗೊತ್ತೇ ಇದೆ. ಒಂದೇ ಸಂಗತಿ ಎರಡು ಕೊಂಬೆಗೆ ಸೇರಬೇಕು. ನಕಲು ಮಾಡಿದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೇವೆ. ಫ್ರೀಪ್ಲೇನ್‌ನ ಕ್ಲೋನ್ ನೋಡ್ ಇದಕ್ಕೆ ಮದ್ದು, ಒಂದು ಕಡೆ ತಿದ್ದಿದರೆ ಎರಡೂ ಕಡೆ ಬದಲಾಗುತ್ತದೆ. ಆದರೆ ಮ್ಯಾಪ್ ಸಾಗಿಸಲು ಬಳಸುವ ಒಪಿಎಂಎಲ್ ಫೈಲ್ ಮಾಡಿ ಬೇರೆ ಸಾಫ್ಟ್‌ವೇರ್‌ಗೆ ಒಯ್ದರೆ ಕ್ಲೋನ್ ಸಂಬಂಧ, ಅಡ್ಡಗೆರೆ, ಬಣ್ಣ ಎಲ್ಲಾ ಹೋಗಿ ಬರೀ ಪಠ್ಯದ ಮರ ಉಳಿಯುತ್ತದೆ. ಎಕ್ಸ್‌ಮೈಂಡ್ ಅನ್ನುವ ಇನ್ನೊಂದು ಮ್ಯಾಪ್ ಸಾಫ್ಟ್‌ವೇರಿನ ಫೈಲ್ ಕೊಡಿ ಅಂತ ಕೇಳುವ ಗಿರಾಕಿಗಳಿಗೆ ನಾನು ಪಠ್ಯ ಮಾತ್ರ ಕೊಡುತ್ತೇನೆ. ಆ ಫೈಲೂ ಒಳಗೆ ಜಿಪ್ಪೇ, ಹೆಸರು ಬದಲಾಯಿಸಿ ಬಿಚ್ಚಿದರೆ ಜೇಸನ್ ಅನ್ನುವ ಪಠ್ಯದ ಫೈಲ್ ಸಿಗುತ್ತದೆ. ಹಠ ಇರುವವರು ಅಲ್ಲೇ ಬರೆಯಬಹುದು, ನನಗೆ ಆ ತಾಳ್ಮೆ ಇಲ್ಲ. ಸಾಫ್ಟ್‌ವೇರೇ ಬೇಡ ಅನ್ನುವವರಿಗೆ ಮಾರ್ಕ್‌ಡೌನ್, ಅಂದರೆ ಸರಳ ಗುರುತುಗಳ ಪಠ್ಯ, ಮಾಡಿ ಮಾರ್ಕ್‌ಮ್ಯಾಪ್ ಅನ್ನುವ ಟೂಲ್‌ನಿಂದ ಒಂದು ಎಚ್‌ಟಿಎಂಎಲ್ ಪುಟ. ಬ್ರೌಸರ್‌ನಲ್ಲಿ ಕೊಂಬೆ ಒತ್ತಿದರೆ ತೆರೆದುಕೊಳ್ಳುತ್ತದೆ, ಅವರಿಗೆ ಅಷ್ಟೇ ಖುಷಿ.

ಗ್ರಾಫ್‌ಗಳು ಮಾತ್ರ ಇನ್ನೂ ಬಗ್ಗಿಲ್ಲ. ಚಿತ್ರ ಓದುವ ಮಾಡೆಲ್‌ಗಳಿಗೆ ಕೊಟ್ಟು ನೋಡಿದೆ. ಅಕ್ಷದ ಅಂಕಿ ಸರಿ ಓದುತ್ತವೆ, ಗೆರೆ ಎಲ್ಲಿ ಹಾದುಹೋಗುತ್ತದೆ ಅನ್ನುವಲ್ಲಿ ಅಂದಾಜಿಗೆ ಬೀಳುತ್ತವೆ. ಹಾಗಾಗಿ ಗ್ರಾಫ್ ಇರುವ ತುಂಡುಗಳಿಗೆ ಹಳದಿ ಬಣ್ಣ, ಅವನ್ನು ನಾನೇ ಕೈಯಲ್ಲಿ ತುಂಬುತ್ತೇನೆ. ಎರಡನೇ ಭಾಗದಲ್ಲಿ ಆಡಿಯೋ ಸಂದರ್ಶನಗಳು ಜಾಸ್ತಿ ಇವೆ. ಪುಟದ ಜಾಗದಲ್ಲಿ ನಿಮಿಷ ಸೆಕೆಂಡ್ ಹಾಕುವ ಸ್ಕ್ರಿಪ್ಟ್ ಆಗಿದೆ, ಆದರೆ ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಯಾರ ಮಾತು ಯಾರದ್ದು ಅಂತ ಅದಲು ಬದಲಾಗುತ್ತಿದೆ. ಸದ್ಯಕ್ಕೆ ಅಂಥ ಕಡೆಯ ನೋಡ್‌ಗಳನ್ನೆಲ್ಲಾ ಕೆಂಪಿಗೇ ತಳ್ಳುತ್ತಿದ್ದೇನೆ. ಇದಕ್ಕೆ ಅಗ್ಗದ ದಾರಿ ಕಂಡುಕೊಂಡವರಿದ್ದರೆ ಹೇಳಿ, ಬದಲಿಗೆ ಆ ಪ್ರಾಂಪ್ಟ್ ಕೊಡುವ ಬಗ್ಗೆ ಯೋಚಿಸುತ್ತೇನೆ.