ಇಬ್ಬರಿಗೂ ಜ್ವರ ಬಂದ ಆ ಒಂದು ವಾರ

ಮೊದಲು ಮಲಗಿದ್ದು ನಮ್ಮವರು. ಸಂಜೆ ಮೈಕೈ ನೋವು ಎಂದರು, ರಾತ್ರಿ ಹೊತ್ತಿಗೆ ಜ್ವರ 102 ಡಿಗ್ರಿ ಫ್ಯಾರನ್‌ಹೀಟ್. ಡಾಕ್ಟರಿಗೆ ಫೋನ್ ಮಾಡಿದಾಗ ಫ್ಲೂ ಇರಬೇಕು ಎಂದರು. ಎರಡು ದಿನ ನಾನೇ ಓಡಾಡಿ ನೋಡಿಕೊಂಡೆ. ಮೂರನೇ ದಿನ ಬೆಳಗ್ಗೆ ನನಗೂ ಗಂಟಲು ಕೆರೆತ, ಮಧ್ಯಾಹ್ನಕ್ಕೆ ಚಳಿ. ಫ್ಲೂ ಇರುವವರು ಲಕ್ಷಣ ಕಾಣಿಸುವ ಹಿಂದಿನ ದಿನದಿಂದಲೇ ಅದನ್ನು ಹರಡುತ್ತಾರಂತೆ. ಅಂದರೆ ನಾನು ಅವರನ್ನು ಇನ್ನೊಂದು ಕೋಣೆಗೆ ಕಳಿಸುವಷ್ಟರಲ್ಲೇ ನನ್ನ ಪಾಲು ನನಗೆ ಸಿಕ್ಕಿಯಾಗಿತ್ತು.

ಒಬ್ಬರಿಗೆ ಕಾಯಿಲೆಯಾದರೆ ಇನ್ನೊಬ್ಬರ ತಲೆ ನೆಟ್ಟಗಿರುತ್ತದೆ. ಇಬ್ಬರೂ ಮಲಗಿದರೆ ಲೆಕ್ಕ ಇಡುವವರೇ ಇಲ್ಲ. ನಮಗೆ ಕಷ್ಟವಾಗಿದ್ದು ಜ್ವರಕ್ಕಿಂತ ಅದೇ.

"ರೀ, ಮಾತ್ರೆ ತಗೊಂಡ್ರಾ?" ಎಂದು ಕೇಳಿದೆ. "ಹ್ಞೂಂ" ಎಂದರು. ಯಾವಾಗ ಎಂದರೆ ಉತ್ತರವಿಲ್ಲ. ಅನುಮಾನ ಬಂದು ಮಾತ್ರೆಯ ಪಟ್ಟಿಗಳನ್ನು ಹಾಸಿಗೆ ಮೇಲೆ ಹರಡಿಕೊಂಡು ಎಣಿಸಿದೆ. ಆಗ ಕಣ್ಣಿಗೆ ಬಿದ್ದಿದ್ದು ನೆಗಡಿ ಮಾತ್ರೆಯ ಹಿಂದಿನ ಸಣ್ಣ ಅಕ್ಷರ. ಅದರಲ್ಲೂ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಇತ್ತು! ಜ್ವರಕ್ಕೆಂದು ಆರು ಗಂಟೆಗೊಮ್ಮೆ 650ರ ಮಾತ್ರೆ, ಅಂದರೆ ದಿನಕ್ಕೆ 2600. ಅದರ ಜೊತೆ ನೆಗಡಿ ಮಾತ್ರೆ ಮೂರು ಹೊತ್ತು, 1500. ಒಟ್ಟು 4100. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ 4000 ದಾಟಬಾರದು. ಅದಕ್ಕಿಂತ ಜಾಸ್ತಿಯಾದರೆ ಪೆಟ್ಟು ಬೀಳುವುದು ಲಿವರ್‌ಗೆ, ಅದೂ ಮೊದಮೊದಲು ಏನೂ ಗೊತ್ತಾಗುವುದಿಲ್ಲ. ಪುಣ್ಯಕ್ಕೆ ಆವತ್ತು ನೆಗಡಿ ಮಾತ್ರೆ ಒಂದೇ ಹೊಟ್ಟೆ ಸೇರಿತ್ತು. ಡಾಕ್ಟರಿಗೆ ಹೇಳಿದೆ. ನೆಗಡಿಯದ್ದು ಬಿಟ್ಟುಬಿಡಿ ಎಂದರು.

ಆಮೇಲೆ ಒಂದು ಹಾಳೆಗೆ ಗೆರೆ ಎಳೆದು ಬಚ್ಚಲುಮನೆ ಬಾಗಿಲಿಗೆ ಅಂಟಿಸಿದೆ. ಎಷ್ಟೇ ಸುಸ್ತಿದ್ದರೂ ಅಲ್ಲಿಗಂತೂ ಹೋಗಲೇಬೇಕಲ್ವಾ? ದಾರದಲ್ಲಿ ಒಂದು ಪೆನ್ನು ಕಟ್ಟಿದೆ. ಸಮಯ, ಜ್ವರ, ಯಾವ ಮಾತ್ರೆ, ಎಷ್ಟು ಲೋಟ ನೀರು, ಇಷ್ಟೇ. ಎಡಗಡೆ ಅವರದು, ಬಲಗಡೆ ನನ್ನದು. ಮೂತ್ರದ ಬಣ್ಣ ಗಾಢವಾಗಿದ್ದರೆ ಒಂದು ಚುಕ್ಕೆ ಇಡಬೇಕು, ನೀರು ಸಾಲುತ್ತಿಲ್ಲ ಎಂದು ಅರ್ಥ. ಮಾತ್ರೆ ನುಂಗಿದ ಮೇಲೆ ಬರೆಯುವುದಲ್ಲ, ಬರೆದೇ ನುಂಗಬೇಕು. ಇದೊಂದು ವಿಷಯದಲ್ಲಿ ನಾನು ಜಗಳವಾಡಿ ಗೆದ್ದೆ. ಆದರೂ ಒಂದು ಸಾಲಿನಲ್ಲಿ ಸಮಯದ ಜಾಗದಲ್ಲಿ 101.4 ಎಂದೂ ಜ್ವರದ ಜಾಗದಲ್ಲಿ 4.30 ಎಂದೂ ಬರೆದಿಟ್ಟಿದ್ದರು.

ಯಾರ ಜ್ವರ ಕಡಿಮೆಯೋ ಆ ಹೊತ್ತಿನ ಕೆಲಸ ಅವರದು ಎಂದು ಮಾತಾಗಿತ್ತು. ನ್ಯಾಯವಾಗೇ ಇತ್ತು. ನಾಲ್ಕನೇ ದಿನ ಇವರ ಜ್ವರ ಇದ್ದಕ್ಕಿದ್ದಂತೆ 103 ತೋರಿಸಿತು. ಗಾಬರಿಯಾಗಿ ಹಣೆ ಮುಟ್ಟಿದರೆ ಅಷ್ಟು ಬಿಸಿಯಿಲ್ಲ. ನೋಡಿದರೆ ಈಗಷ್ಟೇ ಬಿಸಿನೀರು ಕುಡಿದು ಥರ್ಮಾಮೀಟರ್ ಬಾಯಲ್ಲಿ ಇಟ್ಟುಕೊಂಡಿದ್ದಾರೆ. ಬಿಸಿಯೋ ತಣ್ಣಗಿನದ್ದೋ ಏನೇ ಕುಡಿದರೂ ಬಾಯಲ್ಲಿ ಜ್ವರ ನೋಡಲು 15-20 ನಿಮಿಷ ತಡೆಯಬೇಕು. ತಡೆದು ನೋಡಿದಾಗ 100.2. ಬೇಕೆಂದೇ ಮಾಡಿದರೋ ಇಲ್ಲವೋ, ಇವತ್ತಿಗೂ ಒಪ್ಪಿಕೊಂಡಿಲ್ಲ. ಆ ರಾತ್ರಿ ಪಾತ್ರೆ ತೊಳೆದಿದ್ದಂತೂ ಅವರೇ.

ದೊಡ್ಡ ಜಗಳ ಆಗಿದ್ದು ಫ್ಯಾನಿಗೆ. ಇಬ್ಬರೂ ಮಲಗಿದ ಮೇಲೆ ಬೇರೆ ಕೋಣೆಗೆ ಅರ್ಥವಿರಲಿಲ್ಲ, ಒಂದೇ ಕಡೆ ಇದ್ದೆವು. ನಾನು ಗಡಗಡ ನಡುಗುತ್ತಾ ಆರಿಸಿ ಎನ್ನುವುದು, ಅವರು ಬೆವರಿ ತೊಪ್ಪೆಯಾಗಿ ಹಾಕು ಎನ್ನುವುದು. ಇಬ್ಬರದೂ ಸರಿಯೇ. ಜ್ವರ ಏರುವಾಗ ಮೈ ಬಿಸಿ ಸಾಲದು ಎಂದು ಮಿದುಳು ಹೇಳುತ್ತದೆ, ಚಳಿಯಾಗುತ್ತದೆ. ಇಳಿಯುವಾಗ ಆ ಬಿಸಿಯನ್ನು ಹೊರಗೆ ಹಾಕಬೇಕು, ಬೆವರುತ್ತದೆ. ನನ್ನದು ಏರುತ್ತಿತ್ತು, ಅವರದು ಇಳಿಯುತ್ತಿತ್ತು. ಇದು ಗೊತ್ತಿದ್ದರೂ ಆ ಹೊತ್ತಿಗೆ ಅರ್ಧ ಗಂಟೆ ಮಾತು ಬಿಟ್ಟಿದ್ದೆವು. ಕೊನೆಗೆ ಫ್ಯಾನ್ ಸಣ್ಣಗೆ ತಿರುಗಿತು, ನನಗೆ ಇನ್ನೊಂದು ಹೊದಿಕೆ ಬಂತು.

ಅವರು ಡ್ರಾಯರ್‌ನಲ್ಲಿ ಉಳಿದಿದ್ದ ಹಳೇ ಆಂಟಿಬಯಾಟಿಕ್ ತಗೊಳ್ಳೋಣ ಎಂದು ಎರಡು ಸಲ ಕೇಳಿದರು. ವೈರಸ್‌ಗೆ ಅದು ಕೆಲಸ ಮಾಡುವುದಿಲ್ಲ, ಸುಮ್ನೆ ಇರಿ ಎಂದೆ.

ನನಗೆ ಭಯ ಇದ್ದಿದ್ದು ಬೇರೆಯದಕ್ಕೆ. ಇಬ್ಬರಿಗೂ ಮಂಪರು. ಒಬ್ಬರ ಸ್ಥಿತಿ ಕೆಟ್ಟರೆ ಇನ್ನೊಬ್ಬರಿಗೆ ತಿಳಿಯುತ್ತದಾ? ಅದಕ್ಕೆ ತಂಗಿಗೆ ಹೇಳಿಟ್ಟೆ: ಬೆಳಗ್ಗೆ, ಸಂಜೆ ಫೋನ್ ಮಾಡು, ಎರಡು ಸಲ ಮಾಡಿಯೂ ಎತ್ತದಿದ್ದರೆ ಬಂದುಬಿಡು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: ಉಸಿರಾಟಕ್ಕೆ ಕಷ್ಟ, ಎದೆ ನೋವು, ತಬ್ಬಿಬ್ಬಾದ ಮಾತು, ಬಿಟ್ಟ ಜ್ವರ ಮತ್ತೆ ಬರುವುದು. ಇದರಲ್ಲಿ ಒಂದಾದರೂ ಕಂಡರೆ ಯೋಚನೆ ಮಾಡುತ್ತಾ ಕೂರದೆ ಆಸ್ಪತ್ರೆಗೆ. ಕೊನೆಯದನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ. ಫ್ಲೂ ಹಿಂದೆಯೇ ನ್ಯುಮೋನಿಯಾ ಬರುವುದು ಹಾಗೆಯೇ. ಬಸುರಿಯರು, ವಯಸ್ಸಾದವರು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಇಷ್ಟಕ್ಕೆಲ್ಲ ಕಾಯಲೇಬಾರದು. ಫ್ಲೂಗೆ ಕೊಡುವ ವೈರಸ್ ತಡೆಯುವ ಔಷಧಿ ಮೊದಲ ಎರಡು ದಿನದೊಳಗೆ ಶುರುವಾದರೆ ಹೆಚ್ಚು ಉಪಯೋಗ. ನಮಗಿಬ್ಬರಿಗೂ ಅಂಥದ್ದೇನೂ ಇರಲಿಲ್ಲ, ಹಾಗಾಗಿ ಮನೆಯಲ್ಲೇ ಕಳೆಯಿತು.

ಅವರ ಜ್ವರ ಐದನೇ ದಿನ ಬಿಟ್ಟಿತು, ನನ್ನದು ಏಳನೇ ದಿನ. ಕೊನೆಯ ಎರಡು ದಿನ ನನ್ನ ಸಾಲುಗಳನ್ನೂ ಅವರೇ ತುಂಬಿದ್ದರು, ನೀರಿನ ಲೋಟ ಎಣಿಸಿ. ಕೆಮ್ಮು ಇನ್ನೂ ಎರಡು ವಾರ ಎಳೆಯಿತು. ಈಗ ಮನೆಯ ಔಷಧಿ ಡಬ್ಬಿಯಲ್ಲಿ ಪ್ಯಾರಸಿಟಮಾಲ್ ಇರುವ ಪ್ರತಿ ಪಟ್ಟಿಯ ಮೇಲೂ ಮಾರ್ಕರ್‌ನಲ್ಲಿ ದೊಡ್ಡದಾಗಿ "ಪ್ಯಾ 500", "ಪ್ಯಾ 650" ಎಂದು ಬರೆದಿದೆ. ಕನ್ನಡಕ ಇಲ್ಲದೆಯೂ ಕಾಣುತ್ತದೆ.